ಲೀಡ್ಸ್ ನಗರದ ಚಳಿಯೂ ಬೆಚ್ಚನೆಯ ಮನೆಯೂ

ಇಂಗ್ಲೆಂಡಿನ ಉತ್ತರಭಾಗದಲ್ಲಿ ಏರ್ ನದಿಯ ದಡದ ಮೇಲೆ ಲೀಡ್ಸ್ ನಗರವಿದೆ. ಹಿಂದೆ ಉಣ್ಣೆಯ ಗಿರಣಿಗಳಿಗೆ ಹೆಸರಾಗಿದ್ದ ಊರಿದು. ಕೆಂಪು ಇಟ್ಟಿಗೆಯ ಮನೆಗಳು ಒಂದರ ಗೋಡೆಗೊಂದು ತಗುಲಿಕೊಂಡು ಸಾಲುಸಾಲಾಗಿ ನಿಂತಿರುವುವು. ಡಿಸೆಂಬರ್ ತಿಂಗಳಿನಲ್ಲಿ ಸಂಜೆ ನಾಲ್ಕು ಗಂಟೆಗೆ ಮೊದಲೇ ಸೂರ್ಯನು ಮುಳುಗುವನು.

ನಮ್ಮಲ್ಲಿ ಹಂಡೆಯ ನೀರು ಸ್ನಾನಕ್ಕೆ ಮಾತ್ರ ಒದಗುವುದು. ಅಲ್ಲಿಯಾದರೋ ಬಿಸಿನೀರು ಮನೆಯನ್ನೇ ಕಾಯಿಸುವುದು. ಅಡಿಗೆಮನೆಯ ಗೋಡೆಗೆ ಬಿಗಿದ ಬಾಯ್ಲರು ಅನಿಲದ ಉರಿಯಿಂದ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಪ್ರತಿಯೊಂದು ಕೋಣೆಯ ರೇಡಿಯೇಟರಿಗೂ ಕಳುಹಿಸುವುದು. ಆರಿದ ನೀರು ಮರಳಿ ಬಾಯ್ಲರಿಗೆ ಬರುವುದು. ಈ ಮುಚ್ಚಿದ ಸುತ್ತಿನಲ್ಲಿ, ತಣ್ಣಗಿರುವಾಗ, ಒತ್ತಡವು ಸಾಮಾನ್ಯವಾಗಿ ೧ರಿಂದ ೧.೫ ಬಾರ್ ಇರಬೇಕು. ಅದು ತೀರ ಇಳಿದರೆ ಬಾಯ್ಲರು ನಿಂತುಹೋಗುವುದು.

೨೦೨೩ನೆಯ ಇಸವಿಯ ಡಿಸೆಂಬರಿನಲ್ಲಿ ನಾವು ಅಲ್ಲಿ ನನ್ನ ತಂಗಿಯ ಮಗನ ಮನೆಯಲ್ಲಿದ್ದೆವು. ಮನೆಯಲ್ಲಿ ಎರಡು ತಿಂಗಳ ಕೂಸು. ಸಂಜೆ ತುಂಬಿದ ಒತ್ತಡವು ಬೆಳಗಾಗುವಷ್ಟರಲ್ಲಿ ಸೊನ್ನೆಯ ಸಮೀಪಕ್ಕೆ ಇಳಿದಿರುತ್ತಿತ್ತು. ನೋಡಲು ಬಂದವನೊಬ್ಬನು, ನೆಲದ ಹಲಗೆಗಳ ಕೆಳಗೆ ಕೊಳವೆ ಸೋರುತ್ತಿರಬೇಕು, ಹಲಗೆಗಳನ್ನೆಲ್ಲ ಕೀಳಬೇಕು ಎಂದನು. ಅಷ್ಟು ಖರ್ಚು, ಅದರ ಮೇಲೆ ಕೂಸಿಗೆ ಚಳಿ! ಬಾಣಂತಿಯ ಮುಖವು ಬಾಡಿತು.

ಆ ದೇಶದಲ್ಲಿ ಅನಿಲದ ಕೆಲಸ ಮಾಡುವವರು ಗ್ಯಾಸ್ ಸೇಫ್ ಪಟ್ಟಿಯಲ್ಲಿ ಹೆಸರು ಬರೆಸಿರಬೇಕು. ಈ ಪಟ್ಟಿಯು ೨೦೦೯ರಲ್ಲಿ ಜಾರಿಗೆ ಬಂದಿತು. ಅಂತಹ ವೃದ್ಧ ಕೆಲಸಗಾರನೊಬ್ಬನನ್ನು ಕರೆಯಿಸಿದೆವು. ಆತನು ಮೊದಲು ರೇಡಿಯೇಟರುಗಳ ತಿರುಪುಗಳನ್ನು ಒಂದೊಂದಾಗಿ ಒಣ ಕಾಗದದಿಂದ ಒರಸಿ ನೋಡಿದನು, ಎಲ್ಲಿಯೂ ತೇವವಿಲ್ಲ. ಬಳಿಕ ಒತ್ತಡವನ್ನು ತುಂಬಿ, ಬಾಯ್ಲರನ್ನು ಆರಿಸಿ, ಅದರ ಕೆಳಗಿನ ಎರಡು ಕವಾಟಗಳನ್ನು ಮುಚ್ಚಿ ಹೋದನು. ಅಂದಿನ ರಾತ್ರಿ ಕೂಸಿನ ಕೋಣೆಗೆ ವಿದ್ಯುತ್ತಿನ ಒಲೆಯೇ ಗತಿಯಾಯಿತು. ಬೆಳಗ್ಗೆ ಮುಳ್ಳು ಕದಲಿರಲಿಲ್ಲ, ಬಾಯ್ಲರು ಸೋರುತ್ತಿಲ್ಲವೆಂದಾಯಿತು. ಕವಾಟಗಳನ್ನು ತೆರೆದಾಗಲೂ ಮುಳ್ಳು ಕುಸಿಯಲಿಲ್ಲ; ಕೊಳವೆಗಳೂ ನಿರ್ದೋಷಿಗಳೆಂದು ತಿಳಿಯಿತು.

ಹಾಗಾದರೆ ನೀರು ಹೋಗುವುದೆಲ್ಲಿಗೆ? ಆತನು ಹೊರಗೋಡೆಯಲ್ಲಿದ್ದ ಸಣ್ಣ ತಾಮ್ರದ ಕೊಳವೆಯ ಬಾಯಿಗೆ ಚೀಲವೊಂದನ್ನು ಕಟ್ಟಿ ಬಾಯ್ಲರನ್ನು ಹೊತ್ತಿಸಿದನು. ಮುಳ್ಳು ಏರುತ್ತ ಏರುತ್ತ ೩ ಬಾರ್ ಮುಟ್ಟಿತು. ರಕ್ಷಣೆಯ ಕವಾಟವು ತೆರೆದು ಚೀಲದಲ್ಲಿ ನೀರು ಸೇರಿತು.

ಇದರ ಮರ್ಮವನ್ನು ಆತನೇ ವಿವರಿಸಿದನು. ನೀರು ೧೦ರಿಂದ ೮೦ ಡಿಗ್ರಿಗೆ ಕಾಯುವಾಗ ಸುಮಾರು ನೂರಕ್ಕೆ ಮೂರು ಪಾಲು ಹಿಗ್ಗುವುದು. ಆ ಹಿಗ್ಗಿಗೆ ಎಡೆಕೊಡಲು ಬಾಯ್ಲರಿನಲ್ಲಿ ಉಕ್ಕಿನ ಪಾತ್ರೆಯೊಂದುಂಟು; ರಬ್ಬರಿನ ಪರದೆಯ ಒಂದು ಕಡೆ ನೀರು, ಮತ್ತೊಂದು ಕಡೆ ಗಾಳಿ. ಗಾಳಿಯು ಕುಗ್ಗಿ ನೀರಿಗೆ ಸ್ಥಳಕೊಡುವುದು. ಪಾತ್ರೆಯ ಗಾಳಿಬಾಯಿಯನ್ನು ಒತ್ತಿದಾಗ ಗಾಳಿಗೆ ಬದಲಾಗಿ ನೀರೇ ಚಿಮ್ಮಿತು. ಪರದೆ ಹರಿದಿತ್ತು! ಸಂಜೆ ಕಾದಾಗ ಹೊರಬಿದ್ದ ನೀರಿನ ಕೊರತೆಯು ತಣಿದ ಮೇಲೆ ಬೆಳಗ್ಗೆ ಕಾಣುತ್ತಿತ್ತು. ಹೊಸ ಪಾತ್ರೆಯನ್ನೂ, ಹಲವು ಬಾರಿ ತೆರೆದು ಸವೆದಿದ್ದ ರಕ್ಷಣೆಯ ಕವಾಟಕ್ಕೆ ಬದಲಾಗಿ ಹೊಸದನ್ನೂ ಹಾಕಿದ ಮೇಲೆ ಮುಳ್ಳು ನೆಲೆನಿಂತಿತು. ನೆಲದ ಹಲಗೆಯೊಂದೂ ಕದಲಲಿಲ್ಲ.

ಮಕ್ಕಳು ಶೀತದೇಶಗಳಲ್ಲಿ ನೆಲೆಸಿರುವ ವಾಚಕರು ಇದನ್ನು ಅವರಿಗೆ ತಿಳಿಸಬಹುದು. ದಿನದಿನವೂ ನೀರು ತುಂಬುವುದು ಚಿಕಿತ್ಸೆಯಲ್ಲ. ಹೊಸ ನೀರಿನೊಡನೆ ಆಮ್ಲಜನಕವು ಸೇರಿ ರೇಡಿಯೇಟರುಗಳು ಒಳಗೆ ತುಕ್ಕುಹಿಡಿಯುವುವು. ಒತ್ತಡವು ತಣ್ಣಗಿರುವಾಗಲೂ ಇಳಿಯುವುದೋ, ಕಾಯಿಸಿದ ಮೇಲೆಯೇ ಇಳಿಯುವುದೋ ಎಂಬುದನ್ನು ಎರಡು ದಿನ ಬರೆದಿಟ್ಟು ಕೆಲಸಗಾರನಿಗೆ ತೋರಿಸಿದರೆ, ನೆಲವನ್ನು ಅಗೆಯುವ ಮೊದಲೇ ಕಾರಣವು ದೊರಕೀತು.