ಜಾತ್ರೆಯಲ್ಲಿ ಎದುರಾದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆಂದು ಕರೆದೊಯ್ದಿದ್ದೆ. ಹಳ್ಳಿಕಾರ್ ರಾಸುಗಳ ಹಲ್ಲು, ಸುಳಿ, ಬಣ್ಣಗಳಿಗೆ ಸಂಬಂಧಿಸಿದ ಪದಗಳನ್ನು ಸಂಗ್ರಹಿಸುವುದು ನಮ್ಮ ಉದ್ದೇಶವಾಗಿತ್ತು. ಸುಳಿಗಳ ಹೆಸರನ್ನು ಒಂದೊಂದಾಗಿ ಬರೆಸುತ್ತಿದ್ದ ಹಿರಿಯ ರೈತರೊಬ್ಬರು ನಡುವೆ ನಿಲ್ಲಿಸಿ, "ಇದನ್ನೆಲ್ಲ ಬರಕೊಂಡು ಏನ್ ಮಾಡ್ತೀರಿ ಮೇಷ್ಟ್ರೇ? ನಿಮ್ಮ ಯೂನಿವರ್ಸಿಟಿ ಇರೋದು ಯಾತಕ್ಕೆ?" ಎಂದರು. ವಿದ್ಯಾರ್ಥಿಗಳು ನನ್ನ ಮುಖ ನೋಡಿದರು. "ವಿದ್ಯೆ ಹಂಚೋದಕ್ಕೆ" ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ರಾಸಿನ ಕಡೆ ತಿರುಗಿದರು.

ನನ್ನನ್ನು ಕಾಡಿದ್ದು ಆ ಮೌನಕ್ಕಿಂತ ನನ್ನ ಮರೆವು. ಅದೇ ವರ್ಷ ನ್ಯಾಕ್ ತಂಡದ ಭೇಟಿಗೆ ಮುನ್ನ ನಮ್ಮ ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನೇ. ಫಲಕವನ್ನು ತಂಡ ಬರುವ ಹಿಂದಿನ ರಾತ್ರಿ ತೂಗುಹಾಕಿದ್ದರು. ಅದರ ಒಂದು ವಾಕ್ಯವೂ ಜಾತ್ರೆಯಲ್ಲಿ ನನ್ನ ನಾಲಗೆಗೆ ಬರಲಿಲ್ಲ. ಸಹೋದ್ಯೋಗಿಗಳನ್ನು ವಿಚಾರಿಸಿದೆ, ಅವರ ಸ್ಥಿತಿಯೂ ಅದೇ.

ಹಿಂದೆಯೂ ಹೀಗೆಯೇ ಇತ್ತೆ? 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ನೀಡಿದರು. ಅವು ಕಿರುಪುಸ್ತಕಗಳಾಗಿ ಜನರ ಕೈ ಸೇರಿದವು. ಉದ್ದೇಶವನ್ನು ಅವರಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ, ಅದು ಅವರ ಪ್ರಯಾಣದಲ್ಲೇ ಇತ್ತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅಧ್ಯಯನಾಂಗ, ಆಡಳಿತಾಂಗಗಳ ಜೊತೆಗೆ ಪ್ರಸಾರಾಂಗವನ್ನೂ ತನ್ನ ರಚನೆಯಲ್ಲೇ ಸೇರಿಸಿಕೊಂಡಿತು. ಇಂದು ನಮ್ಮಲ್ಲಿ ಉದ್ದೇಶಗಳು ಸುತ್ತೋಲೆಯಾಗಿ ಇಳಿಯುತ್ತವೆ. ರೂಪಿಸುವಾಗ ಕರೆಯದವರನ್ನು ಬೆಂಬಲಿಸುವಾಗ ಮಾತ್ರ ಕರೆದರೆ ಅವರು ಸಹಿ ಹಾಕುತ್ತಾರೆ, ಅಷ್ಟೆ. ಆದರೆ ನ್ಯಾಕ್ ಪ್ರಕ್ರಿಯೆಯೇ ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಐದಾರು ವರ್ಷಕ್ಕೊಮ್ಮೆಯಾದರೂ ಯಾರೋ ಕೇಳುತ್ತಾರಲ್ಲ! ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯನ ಹಿಂಬದಿಗೆ ಪಶ್ಚಿಮಾಭಿಮುಖವಾಗಿರುವ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿಯೇ ಕಾಣಬೇಕು. ನಮಗೂ ಅಂಥದೊಂದು ಕನ್ನಡಿ ಬೇಕೇನೋ.

ಇಷ್ಟಾಗಿಯೂ ಉದ್ದೇಶವನ್ನು ಬಲ್ಲವರು ನಮ್ಮಲ್ಲಿ ಇಲ್ಲವೆಂದಲ್ಲ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುತ್ತ ಕಚೇರಿ ಮುಗಿದ ಮೇಲೂ ಕುಳಿತಿರುತ್ತಿದ್ದ ಗುಮಾಸ್ತೆಯೊಬ್ಬರು ಆ ಫಲಕವನ್ನು ಓದಿದ್ದರೋ ಇಲ್ಲವೋ.

ಮರುವರ್ಷದ ಜಾತ್ರೆಗೆ ನಮ್ಮ ಪದಸಂಗ್ರಹದ ಹಸ್ತಪ್ರತಿಯನ್ನು ಹೊಲಿಸಿಕೊಂಡು ಹೋದೆವು. ಆ ಹಿರಿಯರು ಓದಿಸಿಕೊಂಡು ಕೇಳಿದರು. ಎರಡು ಸುಳಿಗಳ ಹೆಸರನ್ನು ನಾವು ಅದಲುಬದಲು ಮಾಡಿದ್ದೆವು. ತಿದ್ದಿಸಿ, ಒಂದು ಪ್ರತಿಯನ್ನು ತಮಗೆಂದು ಇರಿಸಿಕೊಂಡರು.