ಅಜ್ಜನ ಉಡಿದಾರ

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸ್ಕಾಟ್ಲೆಂಡಿನಿಂದ ತನ್ನ ಭಾವಚಿತ್ರವೊಂದನ್ನು ಕಳುಹಿಸಿದನು. ಹುಡುಗ ಬೆಳ್ತಂಗಡಿಯ ಕಡೆಯವನು. ಈಗ ಎಡಿನ್‌ಬರೋದಲ್ಲಿ ಉದ್ಯೋಗಸ್ಥ. ಅಲ್ಲಿಯ ಗೆಳೆಯನೊಬ್ಬನ ಮದುವೆಗೆಂದು ಬಾಡಿಗೆಗೆ ತಂದ ಕಿಲ್ಟನ್ನು ಉಟ್ಟು, ನಾಟಕದ ಪಾತ್ರಧಾರಿಯಂತೆ ಬಿಗುಮಾನದಿಂದ ನಿಂತಿದ್ದನು. ಮೊಣಕಾಲಿನವರೆಗೆ ನೆರಿಗೆ ಹಿಡಿದ ಚೌಕುಳಿಯ ಉಣ್ಣೆಬಟ್ಟೆ. ಅದರ ಮುಂಭಾಗದಲ್ಲಿ ಬೆಳ್ಳಿಯ ಬಣ್ಣದ ಸರಪಳಿಗೆ ತೂಗುಬಿಟ್ಟ ಒಂದು ಚೀಲ!

ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆನು. ಆದರೆ ಚಿತ್ರದ ಕೆಳಗೆ ಆತ ಬರೆದಿದ್ದ ಮಾತುಗಳನ್ನು ಓದಿದ ಮೇಲೆ ನನ್ನ ನಗೆ ನಿಂತಿತು.

ಕಿಲ್ಟಿಗೆ ಜೇಬಿಲ್ಲವಂತೆ. ಆ ಕೊರತೆಯನ್ನು ತುಂಬಲು ಬಂದದ್ದೇ ಈ ಚೀಲ. ಇದರ ಹೆಸರು ಸ್ಪೋರನ್. ಅವರ ಗೇಲಿಕ್ ಭಾಷೆಯಲ್ಲಿ ಹಾಗೆಂದರೆ ಹಣದ ಚೀಲವೆಂದೇ ಅರ್ಥ. ಅಂಗಡಿಯವನು ಚೀಲಕ್ಕಿಂತ ಅದನ್ನು ಕಟ್ಟುವ ಪಟ್ಟಿಯ ವಿಷಯದಲ್ಲೇ ಅರ್ಧ ಗಂಟೆ ಉಪದೇಶ ಮಾಡಿದನಂತೆ. ಹಗಲಿನ ಸಾದಾ ಉಡುಪಿಗೆ ಚರ್ಮದ ಪಟ್ಟಿ, ಸಂಜೆಯ ಔತಣಕ್ಕೆ ಸರಪಳಿ. ಬೆನ್ನಿನ ಕಡೆಯಲ್ಲಿಯೂ ಸರಪಳಿಯೇ ಇದ್ದರೆ ಉಣ್ಣೆಬಟ್ಟೆಯನ್ನು ಉಜ್ಜಿ ಸವೆಯಿಸುತ್ತದೆ. ಆದ್ದರಿಂದ ಹಿಂಭಾಗದಲ್ಲಿ ಚರ್ಮ, ಇಕ್ಕೆಲಗಳಲ್ಲಿ ಮಾತ್ರ ಸರಪಳಿ. ಚೀಲವು ನಡುಪಟ್ಟಿಯಿಂದ ಮೂರು ನಾಲ್ಕು ಬೆರಳು ಕೆಳಗೆ ಇರಬೇಕು. ಮೇಲೇರಿದರೆ ಹೊಟ್ಟೆಗೆ ಒತ್ತುತ್ತದೆ, ಇಳಿದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ. “ಇದನ್ನೆಲ್ಲ ಕೇಳುವಾಗ ನಮ್ಮೂರಿನ ಅಜ್ಜಂದಿರ ಉಡಿದಾರವೂ ಬೆಲ್ಟೂ ನೆನಪಾದವು, ಸರ್” ಎಂದು ಆತ ಮುಗಿಸಿದ್ದನು.

ಸ್ಕಾಟರಿಗೂ ನಮ್ಮ ಕರಾವಳಿಗೂ ಹಳೆಯ ಪರಿಚಯವಿದೆ. 1783ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಮಂಗಳೂರಿನ ಕೋಟೆಯನ್ನು ಮುತ್ತಿದಾಗ ಒಳಗಿದ್ದವರಲ್ಲಿ 42ನೆಯ ಹೈಲ್ಯಾಂಡ್ ರೆಜಿಮೆಂಟಿನ ಎರಡನೆಯ ತುಕಡಿಯೂ ಸೇರಿತ್ತು. ಅವರಿಗೂ ನಮಗೂ ಒಲಿದು ಬಂದ ಸಾಮ್ಯವೊಂದಿದ್ದರೆ ಅದು ಇದೇ: ಇಬ್ಬರ ಉಡುಗೆಗೂ ಜೇಬಿಲ್ಲ! ಮುಂಡು ಉಟ್ಟ ಮನುಷ್ಯನು ದುಡ್ಡು, ಬೀಗದ ಕೈ, ಎಲೆ ಅಡಿಕೆಗಳನ್ನು ಎಲ್ಲಿಟ್ಟುಕೊಳ್ಳಬೇಕು? ಸೊಂಟದಲ್ಲಿಯೇ.

ಬಂಟ್ವಾಳದ ಸಮೀಪದ ನಮ್ಮ ಮನೆಯಲ್ಲಿ ನನ್ನ ಅಜ್ಜನಿಗೆ ಈ ವಿಷಯದಲ್ಲಿ ಎರಡು ಏರ್ಪಾಟುಗಳಿದ್ದವು. ಮುಂಡಿನ ಮೇಲೆ ನಾಲ್ಕು ಬೆರಳು ಅಗಲದ ಚರ್ಮದ ಬೆಲ್ಟು. ಅದರ ಬಲಮಗ್ಗುಲಿಗೆ ಗುಂಡಿಯಿಂದ ಮುಚ್ಚುವ ಪುಟ್ಟ ಚೀಲ. ಅದು ಪೇಟೆಗೆ, ಸಂತೆಗೆ, ಅಡಿಕೆ ಮಾರಲು ಹೋಗುವ ದಿನಗಳಿಗೆ. ಮುಂಡಿನ ಒಳಗೆ, ಮೈಗೆ ತಾಗಿ, ಇಪ್ಪತ್ತು ತೊಲದ ಬೆಳ್ಳಿಯ ಉಡಿದಾರ. ಅದು ಹಗಲು ರಾತ್ರಿ ಎನ್ನದೆ ಸದಾಕಾಲಕ್ಕೆ. ತೋಟದಲ್ಲಿ ಕೌಪೀನಕ್ಕೆ ಅದೇ ಆಧಾರ. ಪತ್ತಾಯದ ಬೀಗದ ಕೈ ತೂಗುವುದಕ್ಕೂ ಅದೇ ಕೊಕ್ಕೆ. ಅಜ್ಜ ಅಂಗಳದಲ್ಲಿ ನಡೆದುಬಂದರೆ ಬೀಗದ ಕೈ ಬೆಳ್ಳಿಗೆ ತಾಗಿ ಕಿಣಿಕಿಣಿ ಸದ್ದಾಗುತ್ತಿತ್ತು. ಆ ಸದ್ದು ಕೇಳಿದೊಡನೆ ಮಕ್ಕಳಾದ ನಾವು ಪುಸ್ತಕ ಹಿಡಿಯುತ್ತಿದ್ದೆವು.

ನಮ್ಮ ಭಾಷೆಯಲ್ಲಿ ಈ ವಸ್ತುವಿಗೆ ಹೆಸರುಗಳೆಷ್ಟು! ನೇವಳ, ಡಾಬು, ಒಡ್ಯಾಣ, ಸೊಂಟಪಟ್ಟಿ. ಸಂಸ್ಕೃತದಿಂದ ಬಂದ ಕಟಿಸೂತ್ರ, ಮೇಖಲೆ, ಕಾಂಚಿ. ತರಗತಿಯಲ್ಲಿ ಈ ಶಬ್ದಗಳು ಎದುರಾದಾಗಲೆಲ್ಲ ನಾನು “ನಡುವಿನ ಆಭರಣ” ಎಂದು ಅರ್ಥ ಹೇಳಿ ಮುಂದೆ ಸಾಗುತ್ತಿದ್ದೆನು. ಆಭರಣವೆಂಬುದು ಅರ್ಧ ಅರ್ಥ ಮಾತ್ರವೆಂದು ನನಗೆ ತಿಳಿದದ್ದು ತಡವಾಗಿ.

ನಾನು ಹೈಸ್ಕೂಲಿನಲ್ಲಿದ್ದಾಗಲೇ ತಂದೆಯವರು ತೀರಿಕೊಂಡರು. ಓದಿಸಿದವರು ಅಜ್ಜ. 2010ರಲ್ಲಿ ನಾನು ಕನ್ನಡ ಎಂ.ಎ. ಓದಲು ಮಂಗಳಗಂಗೋತ್ರಿಗೆ ಹೊರಟಾಗ ಶುಲ್ಕದ ಹಣವನ್ನು ಬೆಲ್ಟಿನ ಚೀಲದಿಂದ ತೆಗೆದು ಎಣಿಸಿ ಕೊಟ್ಟರು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ ಹಣ ಎಲ್ಲಿಂದ ಬಂತೆಂದು ಕೇಳುವವರು ಅಪರೂಪ.

2012ರಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತು. ನಾನು ಹಾಸ್ಟೆಲಿನಿಂದ ಮನೆಗೆ ಬಂದು ಅಜ್ಜನನ್ನು ಕರೆದುಕೊಂಡು ಹೋದೆನು. ಹೊರಡುವ ಮುಂಚೆ ಬಾವಿಕಟ್ಟೆಯಲ್ಲಿ ಅವರು ಸ್ನಾನ ಮಾಡುತ್ತಿದ್ದಾಗ ನೋಡುತ್ತೇನೆ, ಸೊಂಟದಲ್ಲಿ ಬೆಳ್ಳಿಯಿಲ್ಲ! ಅದಿದ್ದ ಜಾಗದಲ್ಲಿ ಒಂದು ಕಪ್ಪುದಾರ.

“ಉಡಿದಾರ ಎಲ್ಲಿ, ಅಜ್ಜಾ?”

“ಕೊಂಡಿ ಸಡಿಲಾಗಿದೆ ಮಗಾ. ಆಚಾರ್ರಲ್ಲಿ ಕೊಟ್ಟಿದ್ದೇನೆ.”

ವೇಣೂರಿನಲ್ಲಿ ಜನಸಾಗರ. ಅಜಿಲ ಅರಸನಾದ ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಮೂರ್ತಿ. ಕಾಲಿಗೂ ತೋಳಿಗೂ ಬಳ್ಳಿ ಹಬ್ಬಿದೆ. ನಡುವಿಗೆ ಮಾತ್ರ ಒಂದೆಳೆ ನೂಲೂ ಇಲ್ಲ. ಅಜ್ಜ ಬಹಳ ಹೊತ್ತು ತಲೆಯೆತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅವರದ್ದು ಸುಲಭ, ಮಗಾ. ಬೀಗದ ಕೈ ಇಲ್ಲ” ಎಂದರು. ನಾನು ಅದನ್ನು ತಮಾಷೆಯೆಂದೇ ತಿಳಿದು ನಕ್ಕೆನು.

ಅಜ್ಜ 2019ರಲ್ಲಿ ಹೋದರು. ಆಚಾರ್ರಲ್ಲಿ ಕೊಟ್ಟಿದ್ದ ಉಡಿದಾರ ಹಿಂದೆ ಬಂದಿರಲಿಲ್ಲ, ನಾನೂ ಮರೆತಿದ್ದೆನು. ವಿದ್ಯಾರ್ಥಿಯ ಪತ್ರ ಬಂದ ವಾರ ಊರಿಗೆ ಹೋದಾಗ, ಅವನಿಗೆ ತೋರಿಸೋಣವೆಂದು ಅಟ್ಟದಿಂದ ಅಜ್ಜನ ಬೆಲ್ಟನ್ನು ಇಳಿಸಿದೆನು. ಚರ್ಮ ಒಣಗಿ ಬಿರಿದಿತ್ತು. ಗುಂಡಿ ಬಿಚ್ಚಿ ಚೀಲದೊಳಗೆ ಬೆರಳಿಟ್ಟಾಗ ಎಂಟು ಮಡಿಕೆಯ ಚೀಟಿಯೊಂದು ಸಿಕ್ಕಿತು. ಬಂಟ್ವಾಳ ಪೇಟೆಯಲ್ಲಿ ಗಿರವಿ ಇಟ್ಟ ರಶೀದಿ. ಬೆಳ್ಳಿ ಉಡಿದಾರ ಒಂದು, 233 ಗ್ರಾಂ, ರೂಪಾಯಿ ಐದು ಸಾವಿರ. ತಿಂಗಳು, 2010ರ ಜುಲೈ.

ಓದುಗರೇ, ನಾನು ಪದವೀಧರ. ಶಬ್ದಗಳ ವ್ಯುತ್ಪತ್ತಿಯನ್ನು ಬಿಡಿಸಬಲ್ಲೆ. ಆ ಚೀಟಿಯನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು. ಚೀಟಿಯನ್ನು ತೋರಿಸಿದೆನು. ಅವರಿಗೆ ಓದುವ ಅಗತ್ಯವಿರಲಿಲ್ಲ. “ನನಗೆ ಗೊತ್ತಿತ್ತು. ಬಿಡಿಸಿಕೊಳ್ಳುವ ಹೊತ್ತಿಗೆ ನಿನ್ನ ಎರಡನೆಯ ವರ್ಷದ ಶುಲ್ಕ ಬಂತು. ಕಪ್ಪುದಾರ ಹೊಸೆದು ಕಟ್ಟಿದವಳು ನಾನೇ ಅಲ್ಲವೋ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿನಗೆ ಹೇಳಬಾರದೆಂದು ಹೇಳಿದ್ದರು” ಎಂದೂ ಸೇರಿಸಿದರು.

ಈ ವರ್ಷ ನಮಗೆ ಗಂಡುಮಗು ಹುಟ್ಟಿತು. ಮಗುವಿನ ಸೊಂಟಕ್ಕೆ ಏನು ಕಟ್ಟಬೇಕೆಂಬ ಪ್ರಶ್ನೆ ಬಂದಾಗ ನಾನು ಹಿಂದುಮುಂದು ನೋಡದೆ “ಬೆಳ್ಳಿ, ಇಪ್ಪತ್ತು ತೊಲ” ಎಂದೆನು. ಸಾಲ ತೀರಿಸುವ ಆತುರವದು. ನಾನು ಪಾಠ ಹೇಳುವ ಮೂಡುಬಿದಿರೆಯಲ್ಲಿಯೇ ಪರಿಚಯದ ಆಚಾರ್ರೊಬ್ಬರಿದ್ದಾರೆ. ಅವರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಷ್ಟ್ರೇ, ಕೂಸಿಗೋ ನಿಮಗೋ?”

ನಾನು ಉತ್ತರಿಸಲಿಲ್ಲ. ಅವರು ನಿಧಾನವಾಗಿ ವಿವರಿಸಿದರು. ಮಗುವಿಗೆ ಮೂರು ತೊಲ, ಅಂದರೆ ಸುಮಾರು 35 ಗ್ರಾಂ, ಧಾರಾಳವಾಯಿತು. ಅಪ್ಪಟ ಬೆಳ್ಳಿ ಮೆತ್ತಗೆ. ಎಳೆದರೆ ಕೊಂಡಿ ಬಾಯಿ ಬಿಡುತ್ತದೆ. ತುಸು ತಾಮ್ರ ಬೆರೆತರೆ ಗಟ್ಟಿ. ಪ್ರತಿ ಕೊಂಡಿಯ ಬೆಸುಗೆಯನ್ನೂ ಉಗುರಿನಿಂದ ಸವರಿ ನೋಡಬೇಕು. ಉಗುರಿಗೆ ಸಿಕ್ಕಿದ್ದು ಚರ್ಮಕ್ಕೂ ಸಿಕ್ಕುತ್ತದೆ. ಕೊಕ್ಕೆಯ ತುದಿ ಮೈಯ ಕಡೆ ತಿರುಗಿರಬಾರದು. ಅಳತೆಯನ್ನು ಹೊಟ್ಟೆ ತುಂಬಿದ ಮೇಲೆ, ಕುಳಿತಾಗ ತೆಗೆಯಬೇಕು; ಎರಡು ಬೆರಳು ಸಲೀಸಾಗಿ ಆಡಬೇಕು. ಬೆಳೆಯುವ ಮೈಗೆ ಹೆಚ್ಚಿನ ಬಳೆಗಳನ್ನು ಬಿಟ್ಟು ಮಾಡಿದರೆ ಕೊಕ್ಕೆಯನ್ನು ಸರಿಸುತ್ತಾ ಹೋಗಬಹುದು. ಕಪ್ಪಾದರೆ ಅಂಟುವಾಳದ ನೀರಿನಲ್ಲಿ ತೊಳೆದರೆ ಸಾಕು.

ಕೊನೆಗೆ ಅವರೆಂದರು: “ಬಿಗಿಯಾದರೆ ನೋವು, ಸಡಿಲಾದರೆ ಜಾರುತ್ತದೆ. ಆದರೆ ನೆನಪಿಟ್ಟುಕೊಳ್ಳಿ, ಉಡಿದಾರದ ಕೊಕ್ಕೆ ಬಿಚ್ಚಲು ಬರುವಂತಿರಬೇಕು. ಬಿಚ್ಚಲು ಬಾರದ್ದು ಉಡಿದಾರವಲ್ಲ, ಸಂಕೋಲೆ.”

ಅಂಗಡಿಯಿಂದ ಹೊರಬಂದು ಬಸ್ಸಿಗೆ ಕಾಯುತ್ತಿದ್ದಾಗ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಜ್ಜನ ಕೊಕ್ಕೆ ಬಿಚ್ಚಲು ಬರುವಂಥದ್ದಾಗಿತ್ತು. ವೇಣೂರಿನ ಮಹಾಪುರುಷನು ಎಲ್ಲವನ್ನೂ ಬಿಚ್ಚಿಟ್ಟು ಸಂಸಾರದಿಂದ ಹೊರಗೆ ನಿಂತನು. ನನ್ನ ಅಜ್ಜ ಬೆಳ್ಳಿಯನ್ನು ಬಿಚ್ಚಿ ಬೀಗದ ಕೈಯನ್ನು ಕಪ್ಪುದಾರಕ್ಕೆ ಕಟ್ಟಿಕೊಂಡು ಸಂಸಾರದ ಒಳಗೇ ಉಳಿದರು. ಯಾವುದು ಹಿರಿದೆಂದು ತೀರ್ಮಾನಿಸುವ ಯೋಗ್ಯತೆ ನನ್ನದಲ್ಲ. ಎರಡನೆಯದರಿಂದ ನನಗೆ ಅನ್ನ ದೊರೆಯಿತೆಂಬುದನ್ನು ಮಾತ್ರ ಬಲ್ಲೆ.

ಮೂರು ತೊಲದ ಉಡಿದಾರ ಸಿದ್ಧವಾಗಿ ಬಂದಿದೆ; ಬೆಲ್ಟಿನ ಚೀಲದಲ್ಲಿ, ಆ ಚೀಟಿಯ ಜೊತೆಯಲ್ಲಿಯೇ ಇಟ್ಟಿದ್ದೇನೆ. ಮಗು ನಡೆಯಲು ಕಲಿತ ಮೇಲೆ ತೊಡಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ಅಲ್ಲಿಯವರೆಗೆ ಅದರ ಸೊಂಟಕ್ಕೆ ಅಜ್ಜಿಯೇ ಹೊಸೆದು ಕಟ್ಟಿದ ಕಪ್ಪುದಾರ. ಕಟ್ಟುವಾಗ ಅವರು ಗಂಟನ್ನು ಎರಡು ಸಲ ಬಿಚ್ಚಿ, ಎರಡು ಬೆರಳು ತೂರಿಸಿ ನೋಡಿ, ಮೂರನೆಯ ಸಲಕ್ಕೆ ಬಿಗಿದರು. ಆಚಾರ್ರ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.