ಹುಳುಕು ಕಲ್ಲು

ವಿಜಯಪುರದ ಹೊರಗಿನ ಖಣಿಯಲ್ಲಿ ಗಟ್ಟಿ ಕರಿಕಲ್ಲಿಗಷ್ಟೇ ಬೆಲೆ. ಮೈತುಂಬ ತೂತಿದ್ದದ್ದನ್ನು ಪಕ್ಕಕ್ಕೆ ಉರುಳಿಸಿಬಿಡುತ್ತಾರೆ. ನನ್ನ ಭಾನುವಾರಗಳೆಲ್ಲ ಆ ಗುಡ್ಡೆಯ ಮೇಲೆ, ಸುತ್ತಿಗೆ ಮತ್ತು ಭೂತಗನ್ನಡಿಯ ಜೊತೆ. "ಹುಳುಕು ಹತ್ತಿದ ಕಲ್ಲು ಒಯ್ದು ಏನ್ ಮಾಡ್ತೀರಿ ಸರ?" ಎಂದು ಕಲ್ಲೊಡೆಯುವ ಹಿರಿಯರೊಬ್ಬರು ಕೇಳಿದ್ದರು. ಆ ಹೆಸರು ನನಗೆ ಹಿಡಿಸಿಬಿಟ್ಟಿತು.

ಹುಳುಕು ಹತ್ತಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದಖನ್ನಿನ ನೆಲ ಬಿರಿದು ಲಾವಾ ಹರಿದಾಗ ಗೋಲಿಸೋಡಾದ ಗೋಲಿ ಒತ್ತಿದಂತಾಯಿತು: ಒತ್ತಡ ಇಳಿದದ್ದೇ ತಡ, ಕರಗಿದ್ದ ಅನಿಲವೆಲ್ಲ ಗುಳ್ಳೆಯೆದ್ದು ಮೇಲಕ್ಕೆ ನುಗ್ಗಿತು. ಅಷ್ಟರಲ್ಲಿ ಮೇಲ್ಭಾಗ ಹೆಪ್ಪುಗಟ್ಟಿ ಗುಳ್ಳೆಗಳು ಅಲ್ಲೇ ಸಿಕ್ಕಿಬಿದ್ದವು. ಹಾಗಾಗಿ ಒಂದೊಂದು ಲಾವಾ ಪದರದ್ದೂ ನೆತ್ತಿ ತೂತು, ನಡು ಗಟ್ಟಿ. ತಳದಲ್ಲಿ ಕೆಲವೊಮ್ಮೆ ಬೆರಳುದ್ದದ ಕೊಳವೆಗಳು ಸಿಗುತ್ತವೆ. ಅವು ವಾಲಿದ ಕಡೆ ನೋಡಿ ಲಾವಾ ಎತ್ತ ಹರಿಯಿತೆಂದು ಊಹಿಸಬಹುದು.

ಆಮೇಲೆ ನೀರಿನ ಕೆಲಸ. ಬಿರುಕಿನಲ್ಲಿ ಇಳಿದ ಬಿಸಿನೀರು ಕಲ್ಲಿನ ಸತ್ವವನ್ನೇ ಕರಗಿಸಿ ತಂದು ಗುಳ್ಳೆಯೊಳಗೆ ಪದರಪದರವಾಗಿ ಕೂರಿಸುತ್ತದೆ. ಹೀಗೆ ತುಂಬಿದ ಗುಳ್ಳೆಗೆ ಅಮಿಗ್ಡೇಲ್ ಎಂದು ಹೆಸರು. ಗ್ರೀಕಿನಲ್ಲಿ ಅದರ ಮೂಲ ಬಾದಾಮಿ. (ನಮ್ಮ ಬಾದಾಮಿಗೆ ಹೋಗಿ ಹುಡುಕಬೇಡಿ, ಅಲ್ಲಿರುವುದು ಮರಳುಗಲ್ಲು.)

ಮೊನ್ನೆ ಮುಷ್ಟಿಗಾತ್ರದ್ದೊಂದನ್ನು ಒಡೆದೆ. ಗುಳ್ಳೆಯ ಗೋಡೆಗೆ ಪಾಚಿಯಂಥ ತೆಳು ಹಸಿರು ಪೊರೆ. ಅದರ ಮೇಲೆ ಕೆನೆಬಣ್ಣದ ಸ್ಟಿಲ್ಬೈಟ್, ನಡು ಬಿಗಿದು ಕಟ್ಟಿದ ಜೋಳದ ಸಿವುಡಿನ ಹಾಗೆ ಎರಡೂ ತುದಿ ಅರಳಿಸಿಕೊಂಡು. ಉಗುರಿಗಿಂತ ಚಿಕ್ಕದು. ಇದು ಜಿಯೋಲೈಟ್ ಕುಲದ ಹರಳು, ಒಳಗೆ ಇನ್ನೂ ನೀರಿದೆ. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಇಂಥದ್ದನ್ನು ಕಾಯಿಸಿದಾಗ ನೊರೆಯುಕ್ಕಿತಂತೆ; 'ಕುದಿಯುವ ಕಲ್ಲು' ಎಂಬರ್ಥದಲ್ಲೇ ಹೆಸರಿಟ್ಟ. ಪುಣೆ ಬಳಿಯ ವಾಘೋಲಿಯ ನೀಲಿ ಕವನ್ಸೈಟ್ ಮುಂದೆ ನನ್ನ ಸಂಗ್ರಹ ಬಡವರ ಸಂತೆ ನಿಜ. ಆದರೆ ಅಂಗಡಿಯಲ್ಲಿ ಕೊಂಡ ಹರಳನ್ನು ನಮಗಿಂತ ಮೊದಲೇ ಯಾರೋ ನೋಡಿರುತ್ತಾರಲ್ಲ!

ಎಲ್ಲ ಸಲವೂ ಹೀಗಲ್ಲ. ಒಮ್ಮೆ ಒಳ್ಳೆಯ ಕ್ಯಾಲ್ಸೈಟ್ ಸಿಕ್ಕಿತ್ತು. ಮಣ್ಣು ಬಿಡಲೆಂದು ನಿಂಬೆರಸದಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹೊಳಪೆಲ್ಲ ಹೋಗಿ, ಚೀಪಿ ಉಗುಳಿದ ಕಲ್ಲುಸಕ್ಕರೆ. ಹೆಂಡತಿ ನಿಂಬೆಹಣ್ಣಿನ ಲೆಕ್ಕವನ್ನಷ್ಟೇ ಕೇಳಿದಳು.

ಈಗ ಖಣಿಯಿಂದಲೇ ಫೋನ್ ಬರುತ್ತದೆ. "ಸರ, ಒಂದು ಹುಳುಕು ಕಲ್ಲು ತೆಗೆದಿಟ್ಟೀನಿ. ಒಡೆದಿಲ್ರಿ, ನೀವೇ ಬರ್ರಿ."